ಕೊರೆಯುವ ಯಂತ್ರಕ್ಕೆ ಕಲ್ಲಿನ ಪಾಠ

ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲಿ ಅಂಕಲಗಿ ಎಂಬ ಊರು ಉಂಟು. ಈ ಸೀಮೆಯ ನೆಲದ ಮೇಲೆ ನಿಂತು ನೋಡಿದರೆ ಕಾಣುವುದು ಹೊಲ, ಗಿಡಮರ, ಎರೆಮಣ್ಣು, ಅಲ್ಲಲ್ಲಿ ಕೆಂಪು ಮಸಾರಿ, ದೂರದಲ್ಲಿ ಚಪ್ಪಟೆ ತಲೆಯ ಗುಡ್ಡಗಳು. ಇದರಲ್ಲಿ ವಿಶೇಷವೇನೂ ಇಲ್ಲವೆಂದು ನಮಗೆ ತೋರಬಹುದು. ಆದರೆ ಭೂವಿಜ್ಞಾನಿಯ ದೃಷ್ಟಿಯಿಂದ ಇದೊಂದು ಗಡಿನಾಡು. ಮಹಾರಾಷ್ಟ್ರದ ಕಡೆಯಿಂದ ಹಬ್ಬಿ ಬಂದ ದಖ್ಖನಿನ ಕರಿಗಲ್ಲು ಈ ಭಾಗದಲ್ಲಿ ತೆಳುವಾಗುತ್ತ ಬಂದು ಮುಗಿಯುತ್ತದೆ. ಅದರ ಅಡಿಯಲ್ಲಿ ಅಡಗಿದ್ದ ಬಹು ಪುರಾತನವಾದ ಮರಳುಗಲ್ಲು ತಲೆಯೆತ್ತುತ್ತದೆ. ಗೋಕಾಕದ ಜಲಪಾತದಲ್ಲಿ ಘಟಪ್ರಭೆಯು 52 ಮೀಟರು ಕೆಳಕ್ಕೆ ಧುಮುಕುವುದು ಈ ಮರಳುಗಲ್ಲಿನ ಗೋಡೆಯ ಮೇಲಿಂದಲೇ.

ಗಡಿನಾಡಿನಲ್ಲಿ ಕೊಳವೆಬಾವಿ ತೋಡುವ ರೈತನ ಕಷ್ಟವನ್ನು ಸ್ವಲ್ಪ ಯೋಚಿಸೋಣ. ಅವನು ಅಡಿಗೆ ಇಷ್ಟೆಂದು ಹಣ ಕೊಡಬೇಕು. ಮಣ್ಣಿನ ಕೆಳಗೆ ಕರಿಗಲ್ಲು ಎಷ್ಟು ಅಡಿ ದಪ್ಪವಿದೆ? ಅದರ ಕೆಳಗೆ ಬರುವುದು ಮರಳುಗಲ್ಲೋ, ಸುಣ್ಣಕಲ್ಲೋ, ಜೇಡಿಶಿಲೆಯೋ? ಕೇಸಿಂಗ್ ಪೈಪು ಎಲ್ಲಿಯವರೆಗೆ ಇಳಿಸಬೇಕು? ಎಲ್ಲಿ ನಿಲ್ಲಿಸಬೇಕು? ಇಷ್ಟನ್ನೂ ಕಣ್ಣಿಗೆ ಕಾಣದ ನೆಲದಾಳದಿಂದ ತಿಳಿದುಕೊಳ್ಳಬೇಕು. ತಪ್ಪಿದರೆ ಸಾಲ ಮಾಡಿ ತಂದ ಹಣವು ಧೂಳಾಗಿ ಹಾರಿಹೋಗುವುದು.

ಕೊರೆಯುವಾಗ ಯಂತ್ರವು ತೋರುವ ಲಕ್ಷಣಗಳನ್ನು ಅಂಕಿಗಳಾಗಿ ಬರೆದಿಟ್ಟು, ಆ ಅಂಕಿಗಳಿಂದಲೇ ಕೆಳಗಿರುವ ಶಿಲೆ ಯಾವುದೆಂದು ಗಣಕಯಂತ್ರವು ಹೇಳುವಂತೆ ಮಾಡಬಹುದೆ? ಮಾಡಬಹುದು, ತೈಲಬಾವಿಗಳಲ್ಲಿ, ಗಣಿಗಳಲ್ಲಿ, ಸುರಂಗಗಳಲ್ಲಿ ಈ ಪ್ರಯತ್ನ ನಡೆದಿದೆ. ಇದನ್ನು ಯಂತ್ರಕಲಿಕೆ ಎಂದು ಕರೆಯುತ್ತಾರೆ. ಅದು ಹೇಗೆ ನಡೆಯುತ್ತದೆ, ಅದರ ಮಾತನ್ನು ಎಲ್ಲಿಯವರೆಗೆ ನಂಬಬಹುದು ಎಂಬ ಎರಡು ಪ್ರಶ್ನೆಗಳನ್ನು ಅಂಕಲಗಿಯ ನೆಲವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನಾವು ಇಲ್ಲಿ ವಿಚಾರ ಮಾಡೋಣ.

ನೆಲದ ಮೂರು ಅಂತಸ್ತುಗಳು

ಈ ಸೀಮೆಯ ಶಿಲೆಗಳನ್ನು ಸ್ಥೂಲವಾಗಿ ಮೂರು ಅಂತಸ್ತುಗಳಾಗಿ ಭಾವಿಸಬಹುದು. ಎಲ್ಲಕ್ಕೂ ಕೆಳಗಿರುವುದು ನೈಸ್, ಗ್ರಾನೈಟು ಮೊದಲಾದ ತಳಶಿಲೆ. ಇದರ ವಯಸ್ಸು 250 ಕೋಟಿ ವರ್ಷಗಳಿಗೂ ಮೀರಿದ್ದು. ಇದರ ಮೇಲೆ ಪ್ರಾಚೀನ ಜಲಾಶಯವೊಂದರಲ್ಲಿ ಮರಳು, ಜೇಡಿ, ಸುಣ್ಣದ ಕೆಸರು ಪದರುಪದರಾಗಿ ಕುಳಿತು, ಗಟ್ಟಿಯಾಗಿ, ಶಿಲೆಯಾದುವು. ಇವಕ್ಕೆ ಕಲಾದಗಿ ಶಿಲಾಸಮೂಹವೆಂದು ಹೆಸರು. ಕಲಾದಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಊರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟನು ದಕ್ಷಿಣ ಮರಾಠಾ ಸೀಮೆಯನ್ನು ಸುತ್ತಿ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಿಲೆಗಳ ವಿಸ್ತಾರವಾದ ವರ್ಣನೆ ಇದೆ. ಅವನಲ್ಲಿ ಕೊರೆಯುವ ಯಂತ್ರವಿರಲಿಲ್ಲ. ಹಳ್ಳದ ದಂಡೆ, ಬಾವಿಯ ಗೋಡೆ, ಗುಡ್ಡದ ಮುಖ ಇವೇ ಅವನಿಗೆ ಆಧಾರ.

ಮೂರನೆಯ ಅಂತಸ್ತು ಕರಿಗಲ್ಲು, ಅಂದರೆ ಬಸಾಲ್ಟು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಬಿರಿದು ಲಾವಾರಸವು ಪ್ರವಾಹಪ್ರವಾಹವಾಗಿ ಹರಿದು ಹೆಪ್ಪುಗಟ್ಟಿತು. ಒಂದು ಪ್ರವಾಹ ಹರಿದ ಮೇಲೆ ಇನ್ನೊಂದು ಬರುವವರೆಗೆ ಬಿಡುವು ಇದ್ದಲ್ಲಿ ಮೇಲ್ಮೈ ಸವೆದು ಕೆಂಪು ಜೇಡಿಯ ತೆಳುಪದರು ಉಂಟಾಯಿತು. ಆದುದರಿಂದ ಕರಿಗಲ್ಲೆಂದರೆ ಒಂದೇ ಕಲ್ಲಲ್ಲ: ಪ್ರವಾಹದ ನಡುವಿನ ಭಾಗ ನಿಬಿಡವಾಗಿ, ಅತಿ ಗಟ್ಟಿಯಾಗಿರುವುದು, ಮೇಲಿನ ಭಾಗ ಅನಿಲದ ಗುಳ್ಳೆಗಳಿಂದ ರಂಧ್ರರಂಧ್ರವಾಗಿರುವುದು, ಎರಡು ಪ್ರವಾಹಗಳ ನಡುವೆ ಕೆಲವೆಡೆ ಕೆಂಪು ಜೇಡಿ ಇರುವುದು.

ಈ ಭೇದಗಳನ್ನು ತಿಳಿಯುವುದರಿಂದ ಲಾಭವೇನು? ನೀರು ನಿಲ್ಲುವುದು ಶಿಲೆಯ ಸ್ವಭಾವವನ್ನು ಅವಲಂಬಿಸಿದೆ. ನಿಬಿಡವಾದ ಕರಿಗಲ್ಲಿನಲ್ಲಿ ಬಿರುಕಿಲ್ಲದಿದ್ದರೆ ನೀರಿಲ್ಲ. ಶಿಥಿಲವಾದ ಗರಸಿನಲ್ಲಿ, ರಂಧ್ರಗಳು ಒಂದಕ್ಕೊಂದು ಕೂಡಿಕೊಂಡ ಭಾಗದಲ್ಲಿ, ಪ್ರವಾಹಗಳ ಸಂಧಿಯಲ್ಲಿ ನೀರು ಇರುವ ಸಂಭವ ಹೆಚ್ಚು. ಮರಳುಗಲ್ಲು ಬೆಣಚಿನಿಂದ ಬಿಗಿದುಕೊಂಡಿದ್ದರೆ ಸೀಳುಗಳಲ್ಲಿ ಮಾತ್ರ ನೀರು. ಸುಣ್ಣಕಲ್ಲು ಕರಗಿ ಪೊಳ್ಳಾಗಿದ್ದರೆ ಅಲ್ಲಿ ನೀರು ಧಾರಾಳವಾಗಿ ದೊರೆಯಬಹುದು. ಕೆಂಪು ಜೇಡಿಯು ನೀರು ತಾಗಿದೊಡನೆ ಉಬ್ಬಿ ಕುಸಿದು ಬಾವಿಯನ್ನೇ ಮುಚ್ಚಿಬಿಡಬಲ್ಲುದು.

ಕೊರೆಯುವವನ ಕಿವಿ

ಕೊಳವೆಬಾವಿ ತೋಡುವ ಲಾರಿಗಳನ್ನು ನಾವೆಲ್ಲರೂ ನೋಡಿದ್ದೇವೆ. ರಾಡುಗಳ ತುದಿಯಲ್ಲಿ, ಬಾವಿಯ ತಳದಲ್ಲಿಯೇ ಕೆಲಸ ಮಾಡುವ ಸುತ್ತಿಗೆಯೊಂದಿರುತ್ತದೆ. ಕಂಪ್ರೆಸರು ಒತ್ತಿ ಕಳುಹಿಸಿದ ಗಾಳಿಯು ಸುತ್ತಿಗೆಯನ್ನು ಬಡಿಯಿಸುತ್ತದೆ. ಅದರ ಮುಂದಿನ ಬಿಟ್ಟಿನಲ್ಲಿರುವ ಗಡಸು ಲೋಹದ ಗುಂಡಿಗಳು ಕಲ್ಲನ್ನು ಪುಡಿಮಾಡುತ್ತವೆ. ಅದೇ ಗಾಳಿಯು ಪುಡಿಯನ್ನು ಮೇಲಕ್ಕೆ ಊದಿ ತರುತ್ತದೆ.

ನುರಿತ ಕೆಲಸಗಾರನು ಬಾವಿಯೊಳಗೆ ಇಣುಕದೆಯೇ ಕಲ್ಲು ಬದಲಾದುದನ್ನು ತಿಳಿಯುತ್ತಾನೆ. ಬಡಿತದ ಸದ್ದು ಮಾರ್ಪಡುತ್ತದೆ. ರಾಡು ಸರಸರನೆ ಇಳಿಯುತ್ತಿದ್ದುದು ನಿಧಾನವಾಗುತ್ತದೆ, ಅಥವಾ ಒಮ್ಮೆಲೇ ಜಾರುತ್ತದೆ. ಧೂಳಿನ ಬಣ್ಣ ಬೂದಿಯಿಂದ ಕೆಂಪಿಗೆ, ಕೆಂಪಿನಿಂದ ಬಿಳಿಗೆ ತಿರುಗುತ್ತದೆ. ಈ ಜ್ಞಾನ ಪುಸ್ತಕದಿಂದ ಬಂದುದಲ್ಲ; ನೂರಾರು ಬಾವಿಗಳನ್ನು ಕೊರೆದು, ಪ್ರತಿ ಸಲವೂ ಸದ್ದನ್ನೂ ಪುಡಿಯನ್ನೂ ಜೊತೆಜೊತೆಯಾಗಿ ಗಮನಿಸಿ ಸಂಪಾದಿಸಿದ್ದು. ಯಂತ್ರಕಲಿಕೆಯ ತಿರುಳೂ ಇದೇ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಕೆಲಸಗಾರನ ಜ್ಞಾನ ಅವನೊಡನೆಯೇ ಹೋಗಿಬಿಡುತ್ತದೆ, ಅಂಕಿಗಳಾದರೆ ಉಳಿಯುತ್ತವೆ.

ಸದ್ದನ್ನು ಅಂಕಿಯಾಗಿಸುವುದು

ಕೊರೆಯುವ ಯಂತ್ರಕ್ಕೆ ಅಳೆಯುವ ಉಪಕರಣಗಳನ್ನು ಜೋಡಿಸಿದರೆ ಕ್ಷಣಕ್ಷಣಕ್ಕೂ ಹಲವು ಅಂಕಿಗಳು ದೊರೆಯುವುವು: ಗಂಟೆಗೆ ಎಷ್ಟು ಮೀಟರು ಇಳಿಯಿತು, ರಾಡನ್ನು ಎಷ್ಟು ಬಲದಿಂದ ಒತ್ತಲಾಯಿತು, ತಿರುಗಿಸಲು ಎಷ್ಟು ತಿರುಚುಬಲ ಬೇಕಾಯಿತು, ಗಾಳಿಯ ಒತ್ತಡವೆಷ್ಟು, ಕಂಪನ ಎಷ್ಟು.

ಇವುಗಳಲ್ಲಿ ಯಾವ ಒಂದನ್ನೂ ಒಂಟಿಯಾಗಿ ನಂಬುವಂತಿಲ್ಲ. ವೇಗವಾಗಿ ಇಳಿಯಿತೆಂದರೆ ಕಲ್ಲು ಮೃದುವಾಗಿತ್ತೆ, ಅಥವಾ ಹೆಚ್ಚು ಬಲ ಹಾಕಿದರೆ? ಈ ತೊಡಕನ್ನು ಬಿಡಿಸಲು ಆರ್. ಟೀಲ್ ಎಂಬ ವಿಜ್ಞಾನಿಯು 1965ರಲ್ಲಿ ವಿಶಿಷ್ಟ ಶಕ್ತಿ ಎಂಬ ಪರಿಕಲ್ಪನೆಯನ್ನು ಮಂಡಿಸಿದನು. ಒಂದು ನಿರ್ದಿಷ್ಟ ಗಾತ್ರದ ಕಲ್ಲನ್ನು ಕೊರೆದು ತೆಗೆಯಲು ಎಷ್ಟು ಶಕ್ತಿ ವೆಚ್ಚವಾಯಿತು ಎಂಬುದೇ ಅದು. ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಬಾವಿಯ ವ್ಯಾಸ 165 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 214 ಚದರ ಸೆಂಟಿಮೀಟರು. ಒಂದು ಮೀಟರು ಆಳಕ್ಕೆ 21.4 ಲೀಟರು ಕಲ್ಲು ಹೊರಬರಬೇಕು. ಸುತ್ತಿಗೆಯು ಕಲ್ಲಿನ ಮೇಲೆ ಪ್ರಯೋಗಿಸುವ ಸಾಮರ್ಥ್ಯ 10 ಕಿಲೋವ್ಯಾಟ್ ಎಂದು ಭಾವಿಸಿದರೆ, ಒಂದು ಮೀಟರು ಇಳಿಯಲು 3 ನಿಮಿಷ ಹಿಡಿದಾಗ ವೆಚ್ಚವಾದ ಶಕ್ತಿ 1,800 ಕಿಲೋಜೌಲ್. ಅಂದರೆ ಲೀಟರು ಕಲ್ಲಿಗೆ 84 ಕಿಲೋಜೌಲ್. 6 ನಿಮಿಷ ಹಿಡಿದರೆ ಅದು 168 ಆಗುವುದು. ಬಲವನ್ನೂ ವೇಗವನ್ನೂ ಹೀಗೆ ಕೂಡಿಸಿ ನೋಡಿದಾಗ ಕಲ್ಲಿನ ಗಡಸುತನವು ಹೆಚ್ಚು ಸ್ಪಷ್ಟವಾಗಿ ತೋರಿಬರುವುದು.

ಆದರೂ ಸಂಶಯ ಪೂರ್ತಿ ಹೋಗದು. ಬಿಟ್ಟಿನ ಗುಂಡಿಗಳು ಸವೆದರೆ ಮೃದುವಾದ ಕಲ್ಲೂ ಗಟ್ಟಿಯೆಂದು ತೋರುವುದು. ಬಾವಿಯಲ್ಲಿ ನೀರು ತುಂಬಿದರೆ ಸುತ್ತಿಗೆಯ ಹೊಡೆತ ಕುಗ್ಗುವುದು. ನಿಬಿಡ ಕರಿಗಲ್ಲೂ ಬೆಣಚುಬಿಗಿತದ ಮರಳುಗಲ್ಲೂ ಗಡಸುತನದಲ್ಲಿ ಹತ್ತಿರಹತ್ತಿರವಾಗಿದ್ದರೆ ಶಕ್ತಿಯ ಲೆಕ್ಕದಿಂದ ಮಾತ್ರ ಅವನ್ನು ಬೇರ್ಪಡಿಸಲಾಗದು. ಆಗ ಬೇರೆ ಸಾಕ್ಷಿಗಳನ್ನು ಕರೆಯಬೇಕು.

ಕೊರೆದ ಬಾವಿಯೊಳಗೆ ಉಪಕರಣವನ್ನು ಇಳಿಸಿ ಶಿಲೆಯ ಗುಣಗಳನ್ನು ಅಳೆಯುವ ಪದ್ಧತಿ ಹಳೆಯದು; ಫ್ರಾನ್ಸಿನ ಪೆಷೆಲ್‌ಬ್ರಾನ್ ಎಂಬಲ್ಲಿ 1927ರಲ್ಲಿ ಷ್ಲುಂಬರ್ಜೆ ಸಹೋದರರ ತಂಡವು ತೈಲಬಾವಿಯ ವಿದ್ಯುದ್ರೋಧವನ್ನು ಮೊದಲು ಅಳೆಯಿತು. ಇಂದು ಶಿಲೆಗಳು ತಾವಾಗಿ ಹೊರಸೂಸುವ ಗಾಮಾ ಕಿರಣಗಳನ್ನೂ ಅಳೆಯುತ್ತಾರೆ. ಪೊಟಾಸಿಯಂ, ಯುರೇನಿಯಂ, ಥೋರಿಯಂ ಹೆಚ್ಚಾಗಿರುವ ಜೇಡಿಶಿಲೆ, ಗ್ರಾನೈಟುಗಳಲ್ಲಿ ಈ ಕಿರಣಗಳು ಹೆಚ್ಚು. ಕರಿಗಲ್ಲಿನಲ್ಲಿಯೂ ಶುದ್ಧ ಮರಳುಗಲ್ಲಿನಲ್ಲಿಯೂ ಕಡಿಮೆ. ಕರಿಗಲ್ಲಿನಲ್ಲಿ ಅಯಸ್ಕಾಂತಕ್ಕೆ ಮಣಿಯುವ ಮ್ಯಾಗ್ನೆಟೈಟ್ ಖನಿಜ ಇರುತ್ತದೆ; ಶುದ್ಧ ಮರಳುಗಲ್ಲಿನಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಗಡಸುತನವು ಬಿಡಿಸಲಾರದ ಜೋಡಿಯನ್ನು ಕಾಂತಗುಣವು ಬಿಡಿಸುವುದು.

ಯಂತ್ರವು ಕಲಿಯುವುದೆಂದರೇನು?

ಅಂಕಿಗಳೇನೋ ದೊರೆತುವು. ಪ್ರತಿ ಅಡಿಗೆ ಐದಾರು ಅಂಕಿಗಳಂತೆ 500 ಅಡಿಯ ಒಂದೇ ಬಾವಿಗೆ ಎರಡು ಮೂರು ಸಾವಿರ ಅಂಕಿಗಳಾದುವು. ಇವನ್ನೆಲ್ಲ ಕೂಡಿಸಿ ನೋಡಿ ಶಿಲೆಯ ಹೆಸರು ಹೇಳುವ ಸೂತ್ರವನ್ನು ಯಾರು ಬರೆಯಬೇಕು? ಸೂತ್ರವನ್ನು ಮನುಷ್ಯನು ಬರೆದುಕೊಡದೆ, ಉದಾಹರಣೆಗಳನ್ನು ಕೊಟ್ಟು ಯಂತ್ರವೇ ಕಂಡುಕೊಳ್ಳುವಂತೆ ಮಾಡುವುದೇ ಯಂತ್ರಕಲಿಕೆ. ಅಮೆರಿಕದ ಆರ್ಥರ್ ಸ್ಯಾಮ್ಯುಯೆಲನು 1959ರಲ್ಲಿ, ಚೆಕರ್ಸ್ ಎಂಬ ಮಣೆಯಾಟವನ್ನು ಆಡಿಯಾಡಿ ಉತ್ತಮಗೊಳ್ಳುವ ಗಣಕಯಂತ್ರವನ್ನು ಕುರಿತು ಬರೆದ ಲೇಖನದಿಂದ ಈ ಹೆಸರು ಬಳಕೆಗೆ ಬಂದಿತು.

ಇದರ ಬೇರುಗಳಲ್ಲಿ ಒಂದು ನಮ್ಮ ದೇಶದಲ್ಲಿಯೇ ಇದೆ. ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸರು ಮನುಷ್ಯರ ದೇಹದ ಅಳತೆಗಳನ್ನು ಹೋಲಿಸುವ ಕೆಲಸದಲ್ಲಿ ತೊಡಗಿದ್ದಾಗ ಒಂದು ಪ್ರಶ್ನೆ ಎದುರಾಯಿತು: ಹಲವು ಅಳತೆಗಳು ಒಟ್ಟಿಗೆ ಇರುವಾಗ ಒಂದು ಗುಂಪಿಗೂ ಇನ್ನೊಂದಕ್ಕೂ ಇರುವ ದೂರವನ್ನು ಹೇಗೆ ಹೇಳುವುದು? 1936ರಲ್ಲಿ ಅವರು ಪ್ರಕಟಿಸಿದ ಉತ್ತರಕ್ಕೆ ಇಂದು ಮಹಾಲನೋಬಿಸ್ ದೂರವೆಂದು ಹೆಸರು. ಅದನ್ನು ಕಲ್ಲುಗಳಿಗೆ ಅನ್ವಯಿಸೋಣ. ಕಾಗದದ ಮೇಲೆ ಅಡ್ಡರೇಖೆಯಲ್ಲಿ ವಿಶಿಷ್ಟ ಶಕ್ತಿಯನ್ನೂ ಲಂಬರೇಖೆಯಲ್ಲಿ ಕಾಂತಗುಣವನ್ನೂ ಗುರುತುಮಾಡಿ, ಪ್ರತಿಯೊಂದು ಅಡಿಗೆ ಒಂದೊಂದು ಚುಕ್ಕೆ ಇಟ್ಟರೆ ಕರಿಗಲ್ಲಿನ ಚುಕ್ಕೆಗಳು ಒಂದು ಕಡೆ, ಮರಳುಗಲ್ಲಿನವು ಇನ್ನೊಂದು ಕಡೆ ಗುಂಪುಗೂಡುವುವು. ಹೊಸ ಚುಕ್ಕೆ ಬಂದಾಗ ಅದು ಯಾವ ಗುಂಪಿಗೆ ಹತ್ತಿರವೋ ಆ ಕಲ್ಲೆಂದು ಹೇಳಬಹುದು. ಆದರೆ ಸಾಮಾನ್ಯ ಅಳತೆಪಟ್ಟಿಯ ದೂರ ಸಾಲದು. ಒಂದು ಗುಂಪು ಅಗಲವಾಗಿ ಚೆದರಿರಬಹುದು, ಇನ್ನೊಂದು ಒತ್ತಾಗಿರಬಹುದು. ಚೆದರುವಿಕೆಯನ್ನೂ ಗಣನೆಗೆ ತೆಗೆದುಕೊಂಡು ದೂರ ಅಳೆಯುವುದೇ ಮಹಾಲನೋಬಿಸರ ಯುಕ್ತಿ.

ಇನ್ನೊಂದು ವಿಧಾನವು ನಿರ್ಣಯವೃಕ್ಷ. ‘ಕಾಂತಗುಣ ಇಷ್ಟಕ್ಕಿಂತ ಹೆಚ್ಚೆ? ಹೌದಾದರೆ, ವಿಶಿಷ್ಟ ಶಕ್ತಿ ಇಷ್ಟಕ್ಕಿಂತ ಕಡಿಮೆಯೆ?’ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತ, ಕವಲಿನಿಂದ ಕವಲಿಗೆ ಸಾಗಿ ಕೊನೆಗೆ ಎಲೆಯಲ್ಲಿ ಉತ್ತರ ಕಾಣುವುದು. ಯಾವ ಪ್ರಶ್ನೆಯನ್ನು ಎಲ್ಲಿ ಕೇಳಬೇಕೆಂಬುದನ್ನು ಉದಾಹರಣೆಗಳಿಂದ ಯಂತ್ರವೇ ಆರಿಸಿಕೊಳ್ಳುತ್ತದೆ. ಒಂದೇ ಮರ ತಪ್ಪಬಹುದು. ಆದುದರಿಂದ ಲಿಯೋ ಬ್ರೈಮನನು 2001ರಲ್ಲಿ ನೂರಾರು ಮರಗಳ ಒಂದು ಕಾಡನ್ನೇ ಬೆಳೆಸಿ ಬಹುಮತದಿಂದ ನಿರ್ಣಯಿಸುವ ಕ್ರಮವನ್ನು ವಿವರಿಸಿದನು. ಹಳ್ಳಿಯ ಪಂಚಾಯಿತಿಯಲ್ಲಿ ಒಬ್ಬ ಹಿರಿಯನ ಮಾತಿಗಿಂತ ಹಲವರ ಅಭಿಪ್ರಾಯಕ್ಕೆ ತೂಕವಿರುವಂತೆ ಇದು.

ಎಲ್ಲ ವಿಧಾನಗಳಿಗೂ ಬೇಕಾದುದು ಮಾತ್ರ ಒಂದೇ: ಸರಿಯಾದ ಹೆಸರು ಬರೆದ ಉದಾಹರಣೆಗಳು. ‘ಈ ಅಂಕಿಗಳು ಬಂದಾಗ ಇದ್ದುದು ಮರಳುಗಲ್ಲು’ ಎಂದು, ಪುಡಿಯನ್ನು ಭೂತಗನ್ನಡಿಯಲ್ಲಿ ನೋಡಿದ ಬಲ್ಲವರೊಬ್ಬರು ಬರೆದಿರಬೇಕು. ಗುರುವು ತಪ್ಪು ಕಲಿಸಿದರೆ ಶಿಷ್ಯನು ತಪ್ಪನ್ನೇ ಚೆನ್ನಾಗಿ ಕಲಿಯುತ್ತಾನೆ.

ಪರೀಕ್ಷೆಯಲ್ಲಿ ನ್ಯಾಯ

ಲೆಕ್ಕದ ಪುಸ್ತಕದಲ್ಲಿರುವ ಸಮಸ್ಯೆಗಳನ್ನೇ ಪರೀಕ್ಷೆಯಲ್ಲಿ ಕೇಳಿದರೆ ಬಾಯಿಪಾಠ ಮಾಡಿದವನು ನೂರಕ್ಕೆ ನೂರು ಅಂಕ ಪಡೆಯುವನು. ಅವನಿಗೆ ಗಣಿತ ಬಂದಿತೆಂದು ಹೇಳಲಾದೀತೆ? ಯಂತ್ರದ ವಿಷಯದಲ್ಲಿಯೂ ಈ ಎಚ್ಚರ ಬೇಕು. ಒಂದೇ ಬಾವಿಯ 101ನೆಯ ಅಡಿಯನ್ನು ಕಲಿಸಿ 102ನೆಯ ಅಡಿಯನ್ನು ಪರೀಕ್ಷೆಗೆ ಇಟ್ಟರೆ ಯಂತ್ರವು ಸುಲಭವಾಗಿ ಗೆಲ್ಲುವುದು. ಏಕೆಂದರೆ ಪಕ್ಕದ ಅಡಿಯಲ್ಲಿ ಬಹುಶಃ ಅದೇ ಕಲ್ಲು, ಅದೇ ಬಿಟ್ಟು, ಅದೇ ಕಂಪ್ರೆಸರು. ನ್ಯಾಯವಾದ ಪರೀಕ್ಷೆಯೆಂದರೆ ಯಂತ್ರವು ಒಮ್ಮೆಯೂ ನೋಡದ ಬೇರೊಂದು ಬಾವಿಯನ್ನು ಅದರ ಮುಂದಿಡುವುದು.

ಅಮೆರಿಕದ ಭೂಭೌತವಿಜ್ಞಾನಿಗಳ ಸಂಘವೊಂದು 2016ರಲ್ಲಿ ಇಂಥ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಕಾನ್ಸಾಸ್ ಸಂಸ್ಥಾನದ ಅನಿಲಬಾವಿಗಳ ಅಳತೆಗಳನ್ನು ಕೊಟ್ಟು, ಶಿಲೆಗಳನ್ನು ಒಂಬತ್ತು ಬಗೆಗಳಾಗಿ ವಿಂಗಡಿಸಬೇಕೆಂದು ಕೇಳಲಾಯಿತು. ಸ್ಪರ್ಧಿಗಳಿಗೆ ಉತ್ತರ ತೋರಿಸದ ಬಾವಿಗಳ ಮೇಲೆ ಪರೀಕ್ಷೆ ನಡೆಯಿತು. ಗೆದ್ದ ತಂಡಕ್ಕೂ ದೊರೆತದ್ದು ಪೂರ್ಣಾಂಕ 1 ಆಗಿರುವ ಮಾಪನದಲ್ಲಿ ಸುಮಾರು 0.64 ಮಾತ್ರ. ಇದು ನಾಚಿಕೆಯ ಅಂಕವಲ್ಲ. ಒಂಬತ್ತರಲ್ಲಿ ಕೆಲವು ಬಗೆಗಳು ಒಂದರೊಳಗೊಂದು ಸೇರಿಹೋಗುವಂಥವು. ಅವನ್ನು ಬೇರ್ಪಡಿಸುವುದು ಭೂವಿಜ್ಞಾನಿಗಳಿಗೂ ಕಠಿನ. ಆದರೆ ಯಂತ್ರವು ಹೇಳಿದ್ದೆಲ್ಲ ವೇದವಾಕ್ಯವಲ್ಲವೆಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಅಂಕದಲ್ಲಿಯೂ ಒಂದು ಮೋಸ ಉಂಟು. 100 ಅಡಿಯಲ್ಲಿ 95 ಅಡಿ ಕರಿಗಲ್ಲು, 5 ಅಡಿ ಕೆಂಪು ಜೇಡಿ ಇದೆಯೆನ್ನೋಣ. ಏನನ್ನೂ ಕಲಿಯದೆ ಪ್ರತಿ ಸಲವೂ ‘ಕರಿಗಲ್ಲು’ ಎನ್ನುವ ಯಂತ್ರಕ್ಕೂ ನೂರಕ್ಕೆ 95 ಅಂಕ ಬರುವುದು! ಆದರೆ ಬಾವಿಯನ್ನು ಕುಸಿಯುವಂತೆ ಮಾಡುವುದು ಆ 5 ಅಡಿಯೇ. ಆದುದರಿಂದ ‘ಎಷ್ಟು ಸರಿ?’ ಎಂದು ಕೇಳಿದರೆ ಸಾಲದು, ‘ಯಾವುದನ್ನು ತಪ್ಪಿತು?’ ಎಂದೂ ಕೇಳಬೇಕು.

ಕೊಯ್ನೆಯ ಪಾಠ

ಅಂಕಲಗಿಯ ವಾಯವ್ಯಕ್ಕೆ, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಕೊಯ್ನಾ ಜಲಾಶಯವಿದೆ. 1967ರ ಡಿಸೆಂಬರಿನಲ್ಲಿ ಅಲ್ಲಿ ದೊಡ್ಡ ಭೂಕಂಪವಾಯಿತು. ಅದರ ಕಾರಣವನ್ನು ತಿಳಿಯಲು ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯವು ಆಳವಾದ ಕೊಳವೆಗಳನ್ನು ಕೊರೆಯಿಸಿತು. 2017ರಲ್ಲಿ ಒಂದು ಕೊಳವೆ ಸುಮಾರು 3 ಕಿಲೋಮೀಟರು ಮುಟ್ಟಿತು. ಅಲ್ಲಿ ಕರಿಗಲ್ಲಿನ ದಪ್ಪ 1,200 ಮೀಟರಿಗೂ ಹೆಚ್ಚು. ಅದರ ಕೆಳಗೆ ಏನು ಸಿಕ್ಕಿತು? ನೇರವಾಗಿ ಗ್ರಾನೈಟು ಮತ್ತು ನೈಸ್. ಕಲಾದಗಿಯಂಥ ಮರಳುಗಲ್ಲಿನ ನಡುವಂತಸ್ತು ಅಲ್ಲಿ ಇಲ್ಲವೇ ಇಲ್ಲ.

ಈಗ ಒಂದು ಯಂತ್ರವು ಕೊಯ್ನೆಯ ಅಂಕಿಗಳಿಂದ ಮಾತ್ರ ಕಲಿಯಿತೆಂದು ಊಹಿಸಿಕೊಳ್ಳಿ. ಅದಕ್ಕೆ ತಿಳಿದಿರುವುದು ಎರಡೇ ಹೆಸರು: ಕರಿಗಲ್ಲು, ಗ್ರಾನೈಟು. ಅದನ್ನು ಗೋಕಾಕ ಸೀಮೆಗೆ ತಂದು ಮರಳುಗಲ್ಲಿನ ಅಂಕಿಗಳನ್ನು ಕೊಟ್ಟರೆ ಏನು ಹೇಳುವುದು? ‘ಇದು ನನಗೆ ತಿಳಿಯದ ಕಲ್ಲು’ ಎಂದು ಹೇಳುವುದೆ? ಹಾಗೆ ಹೇಳಲು ಬೇರೆಯಾಗಿ ಕಲಿಸದಿದ್ದರೆ ಹೇಳದು. ತನಗೆ ಗೊತ್ತಿರುವ ಎರಡರಲ್ಲಿ ಒಂದನ್ನು ಧೈರ್ಯವಾಗಿ ಹೇಳಿಬಿಡುವುದು. ಕಾನ್ಸಾಸಿನಲ್ಲಿ ಕಲಿತ ಯಂತ್ರವೂ ಅಷ್ಟೆ. ಊರಿನ ಕಲ್ಲನ್ನು ಊರಿನಲ್ಲಿಯೇ ಕಲಿಸಬೇಕು. ಎಲ್ಲ ಗುಂಪುಗಳಿಂದಲೂ ಬಹುದೂರ ಬಿದ್ದ ಚುಕ್ಕೆಯನ್ನು ‘ಸಂಶಯ’ ಎಂದು ಬೇರಿಡುವಂತೆಯೂ ಕಲಿಸಬೇಕು. ಮಹಾಲನೋಬಿಸರ ದೂರವು ಇದಕ್ಕೂ ಒದಗುವುದು.

ಇಷ್ಟಾದರೂ ಶಿಲೆಯ ಹೆಸರು ತಿಳಿದ ಮಾತ್ರಕ್ಕೆ ನೀರು ದೊರೆಯಿತೆಂದಲ್ಲ. ಮಳೆಯ ನೀರು ಇಂಗದ ನೆಲದಲ್ಲಿ ಯಾವ ಕಲ್ಲಿದ್ದರೂ ಬಾವಿ ಬತ್ತುವುದೇ. ಯಂತ್ರವು ಹೇಳಬಲ್ಲುದು ಇಷ್ಟು: ಇಲ್ಲಿ ಕರಿಗಲ್ಲು ಮುಗಿಯಿತು, ಇಲ್ಲಿ ಸಂಧಿ ಬಂದಿತು, ಇಲ್ಲಿಂದ ಗಟ್ಟಿಶಿಲೆ ಮೊದಲಾಯಿತು. ಅನಾವಶ್ಯಕವಾಗಿ 100 ಅಡಿ ಹೆಚ್ಚು ಕೊರೆಯುವುದನ್ನು ತಪ್ಪಿಸಿದರೂ ರೈತನಿಗೆ ಅದು ಸಣ್ಣ ಉಪಕಾರವಲ್ಲ.

ಗಾಳಿಗೆ ಹೋಗುವ ಪುಸ್ತಕ

ಊರಿನ ಕಲ್ಲನ್ನು ಊರಿನಲ್ಲಿಯೇ ಕಲಿಸಬೇಕೆಂದರೆ ಆ ಪಾಠಗಳು ಎಲ್ಲಿವೆ? ನಮ್ಮ ಹಳ್ಳಿಗಳಲ್ಲಿ ಕೊರೆದ ಪ್ರತಿಯೊಂದು ಕೊಳವೆಬಾವಿಯೂ ಅಂಥದೊಂದು ಪಾಠವೇ. ಆದರೆ ಪುಡಿಯ ಗುಡ್ಡೆ ಮೊದಲ ಮಳೆಗೆ ಕೊಚ್ಚಿಹೋಗುವುದು. ಯಾವ ಆಳದಲ್ಲಿ ಏನು ಬಂದಿತೆಂಬುದು ನಾಲ್ಕು ದಿನಗಳಲ್ಲಿ ಮರೆತುಹೋಗುವುದು. ಬತ್ತಿದ ಬಾವಿಯನ್ನಂತೂ ಯಾರೂ ನೆನೆಯಲೊಲ್ಲರು. ಕಲಿಕೆಗೆ ಮಾತ್ರ ಬತ್ತಿದ ಬಾವಿಯೂ ತುಂಬಿದ ಬಾವಿಯಷ್ಟೇ ಅಮೂಲ್ಯ. ಎಲ್ಲಿ ನೀರಿಲ್ಲ, ಏಕೆ ಇಲ್ಲ ಎಂಬುದನ್ನು ಅದೊಂದೇ ಹೇಳಬಲ್ಲುದು.

ವಿದ್ಯಾರ್ಥಿಗಳು ಇಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ಊರಿನಲ್ಲಿ ಬಾವಿ ಕೊರೆಯುವಾಗ ಹಿರಿಯರ ಅನುಮತಿ ಪಡೆದು, ಯಂತ್ರದಿಂದ ಸುರಕ್ಷಿತವಾದ ದೂರದಲ್ಲಿ ನಿಂತು, ಕೆಲಸಗಾರರು ಪ್ರತಿ 10 ಅಡಿಗೊಮ್ಮೆ ತೆಗೆದುಕೊಟ್ಟ ಪುಡಿಯನ್ನು ಒಂದೊಂದು ಚೀಲದಲ್ಲಿ ಹಾಕಿ ಆಳವನ್ನು ಬರೆದಿಡಿ. ಒಂದೊಂದು ರಾಡು ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿ ಗುರುತಿಸಿ. ಬಿಟ್ಟು ಬದಲಿಸಿದ್ದನ್ನೂ ನೀರು ಬಂದುದನ್ನೂ ಬರೆಯಿರಿ. ಒಣಗಿದ ಪುಡಿಯ ಬಳಿಗೆ ಕಾಗದದಲ್ಲಿ ಸುತ್ತಿದ ಅಯಸ್ಕಾಂತವನ್ನು ತನ್ನಿರಿ. ಕಪ್ಪು ಕಣಗಳು ಧಾರಾಳವಾಗಿ ಅಂಟಿದರೆ ಕರಿಗಲ್ಲಿನ ಸಂಭವ ಹೆಚ್ಚು. ಬಿಟ್ಟಿನಿಂದ ಸವೆದ ಉಕ್ಕಿನ ಚೂರುಗಳೂ ಅಂಟುವುವು. ಅವುಗಳ ಹೊಳಪನ್ನು ಭೂತಗನ್ನಡಿಯಲ್ಲಿ ನೋಡಿ ಬೇರ್ಪಡಿಸಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಒಂದು ಹನಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲವನ್ನು ಹಾಕಿದಾಗ ಬುರುಬುರು ನೊರೆ ಬಂದರೆ ಅದರಲ್ಲಿ ಸುಣ್ಣಕಲ್ಲಿನ ಅಂಶ ಇದೆ.

ಇಂಥ ಹತ್ತು ಬಾವಿಗಳ ದಾಖಲೆ ಕೂಡಿದರೆ ಚೌಕುಳಿ ಕಾಗದದ ಮೇಲೆಯೇ ಚುಕ್ಕೆಗಳು ಗುಂಪುಗೂಡುವುದನ್ನು ಕಾಣಬಹುದು. ಒಂಬತ್ತು ಬಾವಿಗಳಿಂದ ನಿಯಮವನ್ನು ಕಂಡುಕೊಂಡು, ಹತ್ತನೆಯದರ ಚೀಲಗಳನ್ನು ಬಿಚ್ಚದೆ ಅಂಕಿಗಳಿಂದಲೇ ಅದರ ಶಿಲೆಗಳನ್ನು ಊಹಿಸಿ, ಅನಂತರ ಚೀಲ ಬಿಚ್ಚಿ ನೋಡಿ. ಊಹೆ ಎಲ್ಲಿ ತಪ್ಪಿತೆಂಬುದನ್ನೂ ಮರೆಮಾಚದೆ ಅದೇ ಪುಸ್ತಕದಲ್ಲಿ ಬರೆದಿಡಿ. ಮುಂದೆ ಅಂಕಲಗಿಯ ನೆಲವನ್ನು ಕಲಿಯಬಂದ ಯಾವ ಗಣಕಯಂತ್ರಕ್ಕಾದರೂ ಆ ಪುಸ್ತಕವೇ ಮೊದಲ ಪಾಠವಾಗಬಲ್ಲುದು.